ಮೂರು ವಾರ ಆಯ್ತು, ಕೈ ಇನ್ನೂ ಕಾಲಿಗೆ ತಾಗಿಲ್ಲ!

ಹೋದ ಸಂಚಿಕೆಯಲ್ಲಿ "ಹೊಸದಾಗಿ ಯೋಗ ಶುರು ಮಾಡಿದವರು ಮಾತ್ರ ಕೇಳಿ" ಎಂದು ಬರೆದಿದ್ದೆ. ಪ್ರಶ್ನೆಗಳು ರಾಶಿ ಬಿದ್ದಿವೆ. ಹಳಬರೂ ಕೆಲವರು ಹೊಸಬರ ವೇಷ ಹಾಕಿಕೊಂಡು ಬಂದಿದ್ದಾರೆ, ಗೊತ್ತಾಗುತ್ತದೆ ಬಿಡಿ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಯೋಗ ಶುರು ಮಾಡಿ ಮೂರು ವಾರ ಆಯ್ತು. ದಿನಾ ಅರ್ಧ ಗಂಟೆ ಮಾಡ್ತೀನಿ. ಬಗ್ಗಿದರೆ ಕೈ ಮಂಡಿ ದಾಟಿ ಒಂದು ಗೇಣು ಹೋಗಲ್ಲ. ಪಕ್ಕದ ಮ್ಯಾಟಿನವರು ಸಲೀಸಾಗಿ ಪಾದ ಹಿಡೀತಾರೆ. ಇಷ್ಟು ದಿನದಲ್ಲಿ ಏನು ಸಿಕ್ಕಿತು ಅಂತ ಮನೆಯಲ್ಲಿ ಕೇಳಿದರೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.

ಮೊದಲು ಆ ಪಕ್ಕದವರ ವಿಷಯ ಮುಗಿಸೋಣ. ಅವರ ತೋಳು ಉದ್ದ ಇರಬಹುದು, ಕಾಲು ಗಿಡ್ಡ ಇರಬಹುದು, ಚಿಕ್ಕಂದಿನಲ್ಲಿ ನೃತ್ಯ ಕಲಿತಿರಬಹುದು. ಅತ್ತ ನೋಡೋದನ್ನು ಬಿಡಿ.

ಇನ್ನು ನಿಮ್ಮ ತೊಡೆಯ ಹಿಂಭಾಗ. ಅಲ್ಲಿನ ಸ್ನಾಯುಗಳು ಗಿಡ್ಡ ಆಗಿವೆ, ಅದಕ್ಕೇ ಬಗ್ಗೋಕೆ ಆಗಲ್ಲ ಎಂದುಕೊಳ್ಳುತ್ತೇವೆ ಅಲ್ವಾ? ಅದು ಅರ್ಧ ಮಾತ್ರ ನಿಜ. ಸ್ನಾಯುವಿನ ಒಳಗೇ ಎಳೆತವನ್ನು ಅಳೆಯುವ ಪುಟ್ಟ ಕಾವಲುಗಾರರಿದ್ದಾರೆ. ನೀವು ಧಡಕ್ಕನೆ ಬಗ್ಗಿದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ "ಬಿಗಿ ಹಿಡಿ" ಎಂಬ ಆಜ್ಞೆ ಆ ಕ್ಷಣಕ್ಕೇ ವಾಪಸ್ ಬರುತ್ತದೆ, ಮೆದುಳನ್ನು ಕೇಳುವ ಪುರುಸೊತ್ತೂ ಅದಕ್ಕಿಲ್ಲ. ಅಂದರೆ ನೀವು ಜೋರು ಮಾಡಿದಷ್ಟೂ ನಿಮ್ಮ ಕಾಲು ನಿಮ್ಮ ವಿರುದ್ಧವೇ ಎಳೆಯುತ್ತಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಯಾರಾದರೂ ಇನ್ನಷ್ಟು ಬಗ್ಗಿದರು ಎಂದರೆ ಬಹುಪಾಲು ಸ್ನಾಯು ಉದ್ದವಾಗಿದ್ದಕ್ಕಲ್ಲ, ಇಷ್ಟು ಎಳೆತದಿಂದ ಅಪಾಯ ಇಲ್ಲ ಎಂದು ನರಗಳು ಒಪ್ಪಿಕೊಂಡಿದ್ದಕ್ಕೆ. ಹೆದರಿದ ಬೆಕ್ಕನ್ನು ಮಂಚದ ಅಡಿಯಿಂದ ಹೊರಗೆ ಕರೆಯುವ ಹಾಗೆ ಇದು. ಬಾಲ ಹಿಡಿದು ಎಳೆದರೆ ಬರುತ್ತಾ?

ನಾಳೆ ಒಂದು ಕೆಲಸ ಮಾಡಿ. ಬಗ್ಗಿ, ಎಲ್ಲಿ ನಿಂತಿತೋ ಅಲ್ಲೇ ಇದ್ದು, ಉಸಿರನ್ನು ಮಾತ್ರ ನೋಡಿ. ನೂರಕ್ಕೆ ತೊಂಬತ್ತು ಜನ ಅಲ್ಲಿ ಉಸಿರು ಹಿಡಿದುಕೊಂಡಿರುತ್ತಾರೆ. (ಇದು ಯಾವ ಸಮೀಕ್ಷೆಯ ಅಂಕಿಯೂ ಅಲ್ಲ, ಇಷ್ಟು ವರ್ಷ ಕಲಿಸಿ ಬಂದ ನನ್ನ ಅಂದಾಜು.) ನಾನು ನಲವತ್ತು ದಾಟಿದ ಮೇಲೆ ಸೊಂಟ ನೋವಿಗೆ ಅಂತ ಯೋಗಕ್ಕೆ ಹೋದವಳು. ಮೊದಲ ವಾರವಿಡೀ ನನ್ನ ಗುರುಗಳು ಹೇಳಿದ್ದು ಒಂದೇ ಮಾತು: "ಉಸಿರು ಬಿಡಮ್ಮ". ನನಗೆ ಸಿಟ್ಟು ಬರುತ್ತಿತ್ತು, ಬಿಡ್ತಾ ಇದ್ದೀನಲ್ಲಾ ಅಂತ. ಒಂದು ದಿನ ಮನೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಾ ಇದ್ದೆ, ಉಸಿರು ನಿಂತಿತ್ತು. ಆಮೇಲೆ ಗಮನಿಸಿದರೆ ಫೋನಿನಲ್ಲಿ ಮೆಸೇಜ್ ಓದುವಾಗಲೂ ನಿಂತಿರುತ್ತದೆ, ಯಾರಾದರೂ ಸ್ವಲ್ಪ ದನಿ ಏರಿಸಿದರೂ ನಿಲ್ಲುತ್ತದೆ. ನಲವತ್ತು ವರ್ಷ ನನ್ನೊಳಗೇ ನಡೆಯುತ್ತಿದ್ದ ಒಂದು ವಿಷಯ ನನಗೇ ಗೊತ್ತಿರಲಿಲ್ಲ! ಕೈ ಕಾಲಿಗೆ ತಾಗುವುದಕ್ಕೆ ನನಗೆ ಇನ್ನೂ ಏಳೆಂಟು ತಿಂಗಳು ಬೇಕಾಯಿತು. ಆದರೆ ಸೂಜಿ ದಾರದ ಆ ದಿನ ಎಷ್ಟು ನೆನಪಿದೆಯೋ, ಕೈ ತಾಗಿದ ದಿನ ಅಷ್ಟು ನೆನಪಿಲ್ಲ.

ಪತಂಜಲಿಯ ಯೋಗಸೂತ್ರಗಳು ಹತ್ತಿರ ಹತ್ತಿರ 200 ಇವೆ. ಅದರಲ್ಲಿ ಆಸನದ ಬಗ್ಗೆ ನೇರವಾಗಿ ಹೇಳುವುದು ಮೂರೇ ಮೂರು. ಒಂದು, ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು. ಇನ್ನೊಂದು, ಪ್ರಯತ್ನವನ್ನು ಸಡಿಲ ಬಿಡುವುದರಿಂದ ಅದು ಸಿದ್ಧಿಸುತ್ತದೆ. ಮೂರನೆಯದು, ಹಾಗಾದಾಗ ಬಿಸಿ ತಂಪಿನಂಥ ದ್ವಂದ್ವಗಳ ಹೊಡೆತ ತಟ್ಟುವುದಿಲ್ಲ. ಪಾದ ಮುಟ್ಟಬೇಕು ಅಂತ ಎಲ್ಲೂ ಇಲ್ಲ. ಮನೆಯವರು ಮತ್ತೆ ಕೇಳಿದರೆ ಇದನ್ನು ಹೇಳಿ. ಅವರು ನಂಬುತ್ತಾರೆ ಅಂತ ನಾನು ಹೇಳಲಾರೆ.

ಪ್ರಶ್ನೆ: ವೃಕ್ಷಾಸನದಲ್ಲಿ ಬಲಗಾಲಿನ ಮೇಲೆ ಆರಾಮಾಗಿ ನಿಲ್ತೀನಿ. ಎಡಗಾಲಿಗೆ ಬಂದರೆ ಗಾಳಿಗೆ ಸಿಕ್ಕ ಗಿಡದ ಹಾಗೆ ಓಲಾಡ್ತೀನಿ. ಏನಾದರೂ ನರದ ತೊಂದರೆನಾ?

ನೀವು ಬರೆದದ್ದು ಇಷ್ಟೇ ಆದರೆ ಹೆದರಬೇಡಿ. ನಡೆಯುವಾಗಲೂ ಎಡವುತ್ತೀರಿ, ಒಂದು ಕಾಲು ಸೋಲುತ್ತದೆ ಅಂದರೆ ಮಾತ್ರ ವೈದ್ಯರ ಹತ್ತಿರ ಹೋಗಿ. ನಮ್ಮ ಎರಡು ಪಕ್ಕಗಳು ಒಂದೇ ತರ ಇರುವುದಿಲ್ಲ. ಚೀಲ ಯಾವಾಗಲೂ ಒಂದೇ ಹೆಗಲಿಗೆ, ನಿಂತಾಗ ಭಾರ ಒಂದೇ ಕಾಲಿಗೆ, ಕೂತಾಗ ಮೇಲೆ ಬರುವುದು ಒಂದೇ ಕಾಲು. ಹೀಗೆ ಮೂವತ್ತು ನಲವತ್ತು ವರ್ಷ ಕಳೆದರೆ ಏನಾಗಬೇಕೋ ಅದೇ ಆಗಿರುತ್ತದೆ. ಒಂದೇ ಆಸನವನ್ನು ಎರಡೂ ಕಡೆ ಮಾಡಿದಾಗಲೇ ಇದು ಕಣ್ಣಿಗೆ ಬೀಳೋದು, ಬೇರೆ ಹೊತ್ತಿನಲ್ಲಿ ಹೋಲಿಸಿ ನೋಡುವ ಸಂದರ್ಭವೇ ಬರುವುದಿಲ್ಲ.

ಒಂದು ಆಟ ಹೇಳುತ್ತೇನೆ. ಗೋಡೆಯ ಪಕ್ಕದಲ್ಲೇ ನಿಂತು ಮಾಡಿ, ನಡು ಕೋಣೆಯಲ್ಲಿ ಬೇಡ. ನಿಮ್ಮ ಒಳ್ಳೆಯ ಕಾಲು, ಅದೇ ಬಲಗಾಲಿನ ಮೇಲೆ ನಿಂತು ಕಣ್ಣು ಮುಚ್ಚಿ. ಎರಡೇ ಸೆಕೆಂಡಿನಲ್ಲಿ ಅದೂ ಓಲಾಡುತ್ತದೆ. ದೇಹ ಬೀಳದೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬೇಕು: ಕಣ್ಣು, ಒಳಕಿವಿ, ಮತ್ತೆ ಪಾದ, ಕಣಕಾಲು, ಮಂಡಿಗಳ ಕೀಲು ಸ್ನಾಯುಗಳಿಂದ ಬರುವ "ನಾನಿಲ್ಲಿದ್ದೇನೆ" ಎಂಬ ವರದಿ. ನಾವು ಹೆಚ್ಚಿನವರು ಕಣ್ಣಿನ ಸಾಲದಲ್ಲೇ ನಿಂತಿರುತ್ತೇವೆ. ಪಾದದ ವರದಿಯನ್ನು ಕೇಳಿಸಿಕೊಂಡೇ ಇರುವುದಿಲ್ಲ. ಕೆಲವು ದಿನ ಸುಮ್ನೆ ಬರಿಗಾಲಲ್ಲಿ ನಿಂತು ಭಾರ ಎಲ್ಲಿ ಬೀಳುತ್ತಿದೆ, ಹಿಮ್ಮಡಿಗೋ, ಹೆಬ್ಬೆರಳಿನ ಬುಡಕ್ಕೋ, ಪಾದದ ಹೊರ ಅಂಚಿಗೋ ಎಂದು ನೋಡಿ. ನಿಮ್ಮ ಹಳೆಯ ಚಪ್ಪಲಿ ತಿರುಗಿಸಿ ಸವೆದ ಜಾಗ ನೋಡಿದರೆ ಉತ್ತರ ಅಲ್ಲೂ ಇರುತ್ತದೆ. ಎಡಗಾಲಿಗೆ ನಾಲ್ಕು ಉಸಿರು ಜಾಸ್ತಿ ಕೊಡಿ. ಓಲಾಡುವುದೇ ಅಭ್ಯಾಸ, ಕಣಕಾಲಿನ ಸುತ್ತಲಿನ ಸಣ್ಣ ಸ್ನಾಯುಗಳು ಕೆಲಸ ಕಲಿಯುತ್ತಿರುವುದು ಆಗಲೇ.

ಪ್ರಶ್ನೆ: ಕೀಲುಗಳು ಲಟಲಟ ಅನ್ನುತ್ತವೆ. ಸವೆದು ಹೋಗಿವೆಯಾ?

ನೋವು, ಊತ ಇಲ್ಲದಿದ್ದರೆ ಬಿಟ್ಟುಬಿಡಿ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವ ಸದ್ದು ಅದು, ಇಲ್ಲವೇ ಸ್ನಾಯುರಜ್ಜು ಮೂಳೆಯ ಏಣು ದಾಟುವ ಸದ್ದು. ಸದ್ದಿನ ಜೊತೆ ನೋವು ಇದ್ದರೆ ತೋರಿಸಿಕೊಳ್ಳಿ.

ಪ್ರಶ್ನೆ: ನಾಡಿಶೋಧನ (ಒಂದಾದ ಮೇಲೆ ಒಂದು ಹೊಳ್ಳೆಯಲ್ಲಿ ಉಸಿರಾಡೋದು) ಮಾಡೋಕೆ ಕೂತರೆ ಒಂದು ಮೂಗು ಯಾವಾಗಲೂ ಕಟ್ಟಿರುತ್ತೆ. ನೆಗಡಿ ಇಲ್ಲ. ನಿನ್ನೆ ಎಡ, ಇವತ್ತು ಬಲ. ನಾನೇ ಹೀಗಾ?

ಎಲ್ಲರೂ ಹೀಗೇ! ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಏಕೆಂದರೆ ಇದನ್ನು ಕೇಳುವವರು ನಿಜವಾಗಿ ಕೂತು ಗಮನಿಸಿದವರು. ಮೂಗಿನ ಒಳಗೋಡೆಯಲ್ಲಿ ರಕ್ತ ತುಂಬಿಕೊಂಡು ಉಬ್ಬುವ, ಮತ್ತೆ ಇಳಿಯುವ ಅಂಗಾಂಶ ಇದೆ. ಕೆಲವು ಗಂಟೆ ಒಂದು ಕಡೆ ಉಬ್ಬಿದರೆ ಇನ್ನೊಂದು ಕಡೆ ತೆರೆದಿರುತ್ತದೆ, ಆಮೇಲೆ ಅದಲು ಬದಲು. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವೈದ್ಯಕೀಯವಾಗಿ ದಾಖಲಿಸಿದರು. ನಮ್ಮ ಸ್ವರಯೋಗದವರು ಉಸಿರು ಎಡದಲ್ಲಿ ಹರಿದರೆ ಇಡಾ, ಬಲದಲ್ಲಿ ಹರಿದರೆ ಪಿಂಗಳಾ ಎಂದು ಹೆಸರಿಟ್ಟು ಅದರ ಮೇಲೆ ದೊಡ್ಡ ಶಾಸ್ತ್ರವನ್ನೇ ಕಟ್ಟಿದರು. ಆ ಶಾಸ್ತ್ರದಲ್ಲಿ ಹೇಳಿದ ಫಲಗಳನ್ನೆಲ್ಲ ನಾನು ಒಪ್ಪುತ್ತೇನೆ ಅಂತಲ್ಲ. ಆದರೆ ಯಾವ ಉಪಕರಣವೂ ಇಲ್ಲದೆ, ಮೂಗಿನ ಕೆಳಗೆ ಬೆರಳು ಇಟ್ಟುಕೊಂಡು ಇಷ್ಟನ್ನು ಕಂಡುಕೊಂಡರಲ್ಲ, ಅದಕ್ಕೆ ಕೈ ಮುಗಿಯಬೇಕು.

ಕಟ್ಟಿದ ಹೊಳ್ಳೆಯಿಂದ ಜೋರಾಗಿ ಎಳೆಯಬೇಡಿ. ಸಣ್ಣಗೆ ಎಷ್ಟು ಹೋಗುತ್ತದೋ ಅಷ್ಟು ಸಾಕು. ಎಡ ಕಟ್ಟಿದ್ದರೆ ಸ್ವಲ್ಪ ಹೊತ್ತು ಬಲಕ್ಕೆ ಮಗ್ಗುಲಾಗಿ ಮಲಗಿ, ಮೇಲಿರುವ ಹೊಳ್ಳೆ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಯೇ ಇದ್ದರೆ ಅದು ಬೇರೆ ವಿಷಯ, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಿಡಿಯೋ ನೋಡಿಕೊಂಡು ಕಪಾಲಭಾತಿ (ಉಸಿರನ್ನು ರಭಸವಾಗಿ ಮತ್ತೆ ಮತ್ತೆ ಹೊರಹಾಕುವ ಅಭ್ಯಾಸ) ಶುರು ಮಾಡಿದೆ. ಎರಡು ನಿಮಿಷಕ್ಕೆ ತಲೆ ಸುತ್ತಿತು, ಬೆರಳ ತುದಿ ಜುಮ್ ಅಂದಿತು. ಶಕ್ತಿ ಸಂಚಾರ ಆಗ್ತಿದೆ, ಒಳ್ಳೆಯದೇ ಅಂತ ಗೆಳೆಯ ಹೇಳ್ತಾನೆ. ಹೌದಾ?

ಗೆಳೆಯನಿಗೆ ಸ್ವಲ್ಪ ಸುಮ್ಮನಿರಲು ಹೇಳಿ. ನೀವು ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಆಡಿಸಿದಿರಿ, ರಕ್ತದಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಇಳಿಯಿತು, ಅದು ಇಳಿದರೆ ಮೆದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ. ತಲೆಸುತ್ತು ಅದರಿಂದ. ಬೆರಳು ಜುಮ್ ಅನ್ನುವುದೂ ಅದೇ ಏರುಪೇರಿನ ಇನ್ನೊಂದು ಮುಖ. ನಿಲ್ಲಿಸಿ, ಮಾಮೂಲಿ ಉಸಿರಾಡಿದರೆ ಸರಿ ಹೋಗುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ತುಂಬಾ ಜನ ಬರೆದಿದ್ದಾರೆ. ಪ್ರಾಣಾಯಾಮ ಮಾಡಿದರೆ ರಕ್ತಕ್ಕೆ ಆಮ್ಲಜನಕ ಹೆಚ್ಚು ತುಂಬುತ್ತದೆ ಎನ್ನುತ್ತಾರಲ್ಲ, ಆರೋಗ್ಯವಂತರ ರಕ್ತದಲ್ಲಿ ಅದು ಸುಮ್ಮನೆ ಕೂತಾಗಲೇ ಶೇಕಡ 95ರಿಂದ 100ರಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯೋದು? ನಿಧಾನ ಉಸಿರಾಟದ ಲಾಭ ಬೇರೆ ಕಡೆ ಇದೆ. ಮಣಿಕಟ್ಟಿನ ನಾಡಿ ಹಿಡಿದು ಕೂತು ನೋಡಿ: ಉಸಿರು ಒಳಗೆ ತಗೊಳ್ಳುವಾಗ ನಾಡಿ ಒಂದು ಚೂರು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ, ವಯಸ್ಸಾದಂತೆ ಕಡಿಮೆ. ಹೃದಯವನ್ನು ನಿಧಾನಿಸುವ ವೇಗಸ್ ಎಂಬ ನರದ ಕೆಲಸ ಅದು. ಅದಕ್ಕೇ ಬಿಡುವ ಉಸಿರನ್ನು ಉದ್ದ ಮಾಡಿದರೆ ಮೈ ತಣ್ಣಗಾದ ಹಾಗೆ ಅನಿಸುವುದು. ಸುಮ್ಮನಿದ್ದಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನಿಮ್ಮದನ್ನು ಎಣಿಸಿ. ಎಣಿಸಲು ಶುರು ಮಾಡಿದ ಕೂಡಲೇ ಅದು ನಿಧಾನವಾಗುತ್ತದೆ, ಕಳ್ಳ!

ಗರ್ಭಿಣಿಯರು, ಬಿ.ಪಿ. ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ಕಪಾಲಭಾತಿಗೆ ಕೈ ಹಾಕಲೇಬೇಡಿ. ಉಳಿದವರು ಎದುರಿಗೆ ಕೂತು ನೋಡುವವರೊಬ್ಬರು ಇರುವಾಗ ಕಲಿಯಿರಿ. ನೀವು ತಪ್ಪು ಮಾಡಿದರೆ ವಿಡಿಯೋ ನಿಮ್ಮನ್ನು ನೋಡುವುದಿಲ್ಲ.

ಪ್ರಶ್ನೆ: "ಉಸಿರು ತಗೊಂಡಾಗ ಹೊಟ್ಟೆ ಮುಂದೆ ಬರಬೇಕು" ಅಂತಾರೆ. ನನ್ನದು ಒಳಗೆ ಹೋಗುತ್ತೆ. ಎಷ್ಟು ಪ್ರಯತ್ನಿಸಿದರೂ ಉಲ್ಟಾ.

ಉಲ್ಟಾ ಇರುವವರು ನೀವೊಬ್ಬರೇ ಅಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಗುಮ್ಮಟದ ಆಕಾರದ ಸ್ನಾಯು ಇದೆ. ಉಸಿರು ಒಳಗೆ ಬರುವಾಗ ಅದು ಕೆಳಗೆ ಇಳಿಯಬೇಕು, ಇಳಿದಾಗ ಹೊಟ್ಟೆಯಲ್ಲಿದ್ದದ್ದು ಜಾಗ ಬಿಟ್ಟು ಮುಂದಕ್ಕೆ ಬರುತ್ತದೆ. ಅಷ್ಟೇ ಸಂಗತಿ, ಗಾಳಿ ಹೊಟ್ಟೆಗೆ ಹೋಗುವುದಿಲ್ಲ. ಆದರೆ ನಾವು, ಅದರಲ್ಲೂ ಹೆಂಗಸರು, ಹೊಟ್ಟೆ ಕಾಣಬಾರದು ಎಂದು ವರ್ಷಗಟ್ಟಲೆ ಒಳಗೆ ಎಳೆದುಕೊಂಡೇ ಬದುಕಿರುತ್ತೇವೆ. ಬಿಡು ಎಂದರೆ ಅದಕ್ಕೆ ಬಿಡೋದು ಗೊತ್ತಿಲ್ಲ.

ಕೂತು ಪ್ರಯತ್ನಿಸಬೇಡಿ. ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೆ ಊರಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಡಿ. ಉಸಿರು ಬಿಟ್ಟಾಗ ಪುಸ್ತಕ ಇಳಿಯಲಿ, ಆಮೇಲೆ ತಾನಾಗಿ ಏರಲಿ. ನೀವು ಏರಿಸಬೇಡಿ. ಇಲ್ಲವೇ ಮಕರಾಸನದಲ್ಲಿ ಬೋರಲು ಮಲಗಿ, ಹೊಟ್ಟೆ ನೆಲವನ್ನು ಒತ್ತುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ವಾರ ಹತ್ತು ದಿನ ಇಷ್ಟನ್ನೇ ಮಾಡಿದರೂ ನಷ್ಟ ಇಲ್ಲ.

ಪ್ರಶ್ನೆ: ಯೋಗದಿಂದ ತೂಕ ಇಳಿಯುತ್ತಾ?

ನಿಧಾನವಾಗಿ ಮಾಡುವ ಆಸನಗಳಿಂದ ಮಾತ್ರವೇ ಅಂದರೆ ಕಷ್ಟ. ಬಿರುಸಿನ ನಡಿಗೆಯಷ್ಟೂ ಶಕ್ತಿ ಅದರಲ್ಲಿ ಖರ್ಚಾಗುವುದಿಲ್ಲ. ಹಸಿವು ಯಾವುದು, ಬೇಜಾರು ಯಾವುದು ಎಂಬ ವ್ಯತ್ಯಾಸ ಕೆಲವರಿಗೆ ಅಭ್ಯಾಸದಿಂದ ತಿಳಿಯತೊಡಗುತ್ತದೆ, ಅದರಿಂದ ಒಂದಿಷ್ಟು ಇಳಿಯಬಹುದು. ತೂಕವೊಂದೇ ಗುರಿ ಆದರೆ ನಡೆಯಿರಿ, ಊಟ ನೋಡಿಕೊಳ್ಳಿ.

ಪ್ರಶ್ನೆ: ಪದ್ಮಾಸನ ಹಾಕಲು ಹೋಗಿ ಮಂಡಿ ನೋವು ಬಂದಿದೆ. ಅಭ್ಯಾಸ ಮಾಡ್ತಾ ಇದ್ದರೆ ಹೋಗುತ್ತೆ ಅಂದರು, ಎರಡು ವಾರದಿಂದ ಸಹಿಸ್ತಾ ಇದ್ದೀನಿ.

ಇವತ್ತೇ ನಿಲ್ಲಿಸಿ. ದಯವಿಟ್ಟು.

ಮಂಡಿ ಬಾಗಿಲಿನ ಕೀಲಿನ ಹಾಗೆ. ಮಡಚುತ್ತದೆ, ಬಿಚ್ಚುತ್ತದೆ, ತಿರುಗುವುದು ಬಹಳ ಕಡಿಮೆ. ಪದ್ಮಾಸನಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಬರದಿದ್ದರೆ ನೀವು ಪಾದವನ್ನು ಹಿಡಿದು ಎಳೆಯುತ್ತೀರಿ, ಆ ತಿರುವು ಪಾಪ ಮಂಡಿಯ ಮೇಲೆ ಬೀಳುತ್ತದೆ. ಸೊಂಟದ ಗುಳಿ ಎಷ್ಟು ಆಳ, ತೊಡೆಮೂಳೆಯ ಕತ್ತು ಯಾವ ಕೋನದಲ್ಲಿದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರ. ಮೂಳೆಗೆ ಮೂಳೆ ತಾಗಿ ನಿಂತಿದ್ದರೆ ಹತ್ತು ವರ್ಷ ಅಭ್ಯಾಸ ಮಾಡಿದರೂ ಪದ್ಮಾಸನ ಬರುವುದಿಲ್ಲ. ಬರದಿದ್ದರೆ ಏನೂ ಕಳೆದುಹೋಗುವುದೂ ಇಲ್ಲ. ಸುಖಾಸನದಲ್ಲಿ ಕೂರಿ, ಕೆಳಗೆ ಮಡಚಿದ ಕಂಬಳಿ ಹಾಕಿಕೊಂಡು ಸೊಂಟವನ್ನು ಮಂಡಿಗಿಂತ ಮೇಲಕ್ಕೆ ತನ್ನಿ. ಕುರ್ಚಿಯೂ ಆದೀತು.

ಕಂಬಳಿ, ಕುರ್ಚಿ, ಇಟ್ಟಿಗೆಯಂಥ ಬ್ಲಾಕು, ಬೆಲ್ಟು ಇವನ್ನೆಲ್ಲ ಬಳಸಿದರೆ ಮೋಸ ಮಾಡಿದ ಹಾಗಲ್ವಾ ಎಂದು ಇನ್ನೊಬ್ಬರು ಕೇಳಿದ್ದಾರೆ. ಇವನ್ನು ಯೋಗದ ಕೋಣೆಗೆ ತಂದು ಲೋಕಕ್ಕೆಲ್ಲ ಹಬ್ಬಿಸಿದವರು ಬಿ.ಕೆ.ಎಸ್. ಅಯ್ಯಂಗಾರ್ (1918–2014). ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡ ಕೃಶ ದೇಹ ಅವರದು. ಬಗ್ಗದ ಮೈಯ ಕಷ್ಟ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೋವಿನ ಬಗ್ಗೆ ನಾನು ಹೊಸಬರಿಗೆ ಹೇಳುವ ಲೆಕ್ಕ ಇದು. ಸ್ನಾಯುವಿನ ನಡುಭಾಗದಲ್ಲಿ ಹರಡಿಕೊಂಡ ಎಳೆತ, ಮಾರನೆಯ ದಿನದ ಮೈಕೈ ನೋವು ಸರಿ, ಒಂದೆರಡು ದಿನ ಜಾಸ್ತಿ ಇದ್ದು ಇಳಿದುಬಿಡುತ್ತದೆ. ಕೀಲಿನ ಹತ್ತಿರ, ಬೆರಳಿಟ್ಟು ತೋರಿಸಬಹುದಾದಂಥ, ಚುಚ್ಚುವ ನೋವು ಬಂದರೆ ಹಿಂದಕ್ಕೆ ಬನ್ನಿ. ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಮೊದಲ ವರ್ಷಕ್ಕೆ ಅದೇ ದೊಡ್ಡ ವಿದ್ಯೆ.

ಪ್ರಶ್ನೆ: ಶವಾಸನದಲ್ಲಿ ನಮ್ಮ ಯಜಮಾನರು ಎರಡು ನಿಮಿಷಕ್ಕೆ ಗೊರಕೆ. ನನಗೆ ತದ್ವಿರುದ್ಧ, ಮಲಗಿದ ಕೂಡಲೇ ಇಡೀ ದಿನದ ಕೆಲಸ ತಲೆಯಲ್ಲಿ ಮೆರವಣಿಗೆ ಹೊರಡುತ್ತೆ. ಇಬ್ಬರಲ್ಲಿ ಯಾರದು ಸರಿ?

ಇಬ್ಬರದೂ ತಪ್ಪಲ್ಲ. ಯಜಮಾನರಿಗೆ ನಿದ್ದೆ ಸಾಲುತ್ತಿಲ್ಲ, ದೇಹ ಸಿಕ್ಕಿದ ಮೊದಲ ಸಂದರ್ಭಕ್ಕೆ ವಸೂಲಿ ಮಾಡುತ್ತಿದೆ. (ದಿನಾ ರಾತ್ರಿ ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ವೈದ್ಯರಿಗೆ ಹೇಳಿ.) ನಿಮ್ಮ ಮೆರವಣಿಗೆ ಶವಾಸನದಲ್ಲಿ ಹುಟ್ಟಿದ್ದಲ್ಲ, ಬೆಳಗಿನಿಂದ ನಡೆಯುತ್ತಲೇ ಇತ್ತು. ಕೈಕಾಲು ಕೆಲಸದಲ್ಲಿದ್ದಾಗ ಅದರ ವಾದ್ಯದ ಸದ್ದು ಕೇಳಿಸುತ್ತಿರಲಿಲ್ಲ, ಅಷ್ಟೇ. ಶುರುವಿನಲ್ಲಿ ತುಂಬಾ ಜನ "ಯೋಗಕ್ಕೆ ಬಂದ ಮೇಲೆ ನನ್ನ ಮನಸ್ಸು ಇನ್ನೂ ಕೆಟ್ಟಿತು" ಎಂದು ದೂರುತ್ತಾರೆ. ಕೆಟ್ಟಿಲ್ಲ, ಈಗ ಕಾಣುತ್ತಿದೆ.

ಶವಾಸನ ಕೊನೆಯಲ್ಲಿ ಸೇರಿಸಿದ ಬಾಲಂಗೋಚಿ ಅಲ್ಲ. ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥ ವಿವರಿಸುವುದು 15 ಆಸನಗಳನ್ನು ಮಾತ್ರ, ಅದರಲ್ಲಿ ಇದೂ ಒಂದು. ಆಯಾಸ ಕಳೆಯುತ್ತದೆ, ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಎನ್ನುತ್ತದೆ ಅದು. ಯಜಮಾನರು ತೋಳನ್ನು ಮೊಣಕೈಯಿಂದ ಮೇಲಕ್ಕೆತ್ತಿ ಮಲಗಲಿ, ನಿದ್ದೆ ಬಂದರೆ ಕೈ ಬೀಳುತ್ತದೆ, ಎಚ್ಚರ ಆಗುತ್ತದೆ. ನೀವು ಮೆರವಣಿಗೆಯನ್ನು ನಿಲ್ಲಿಸಲು ಹೋಗಬೇಡಿ, ಬಲ ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಅಂಗದ ಭಾರ ನೆಲಕ್ಕೆ ಬಿಡುತ್ತಾ ಬನ್ನಿ. ದವಡೆಗೆ ಬಂದಾಗ ಸ್ವಲ್ಪ ನಿಲ್ಲಿ. ಹಲ್ಲು ಕಚ್ಚಿಕೊಂಡಿರುತ್ತೀರಿ, ಪಂದ್ಯ ಕಟ್ಟಲೂ ನಾನು ತಯಾರು.

ಪ್ರಶ್ನೆ: ಐದು ದಿನ ಅರ್ಧರ್ಧ ಗಂಟೆ ಮಾಡ್ತೀನಿ, ಹತ್ತು ದಿನ ಬಿಡ್ತೀನಿ. ನನ್ನಂಥ ಸೋಮಾರಿಗೆ ಯೋಗ ಒಗ್ಗುತ್ತಾ?

ಯೋಗಸೂತ್ರದಲ್ಲಿ ಒಂಬತ್ತು ಅಡ್ಡಿಗಳ ಪಟ್ಟಿ ಇದೆ. ಕಾಯಿಲೆ, ಜಡತೆ, ಸಂಶಯ, ಅಜಾಗ್ರತೆ ಹೀಗೆ ಸಾಗುತ್ತದೆ, ಅದರಲ್ಲಿ ಆಲಸ್ಯಕ್ಕೂ ಜಾಗ ಇದೆ. ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಆಗದೆ ಜಾರುವುದಕ್ಕೂ ಇದೆ. ಅಂದರೆ ನಿಮ್ಮನ್ನು ಪತಂಜಲಿ ಆಗಲೇ ನೋಡಿದ್ದರು. ಅದರ ಮುಂದಿನ ಸೂತ್ರ ಇನ್ನೂ ಮಜಾ ಇದೆ, ಮನಸ್ಸು ಚದುರಿದಾಗ ಜೊತೆಗೆ ಬರುವವುಗಳಲ್ಲಿ ಮೈ ನಡುಗುವುದು ಮತ್ತು ಉಸಿರು ಅಸ್ತವ್ಯಸ್ತ ಆಗುವುದನ್ನೂ ಹೇಳುತ್ತದೆ.

ಅರ್ಧ ಗಂಟೆ ಎಂದು ಹಟ ಹಿಡಿದದ್ದೇ ನಿಮ್ಮ ತೊಂದರೆ ಅಂತ ನನಗನಿಸುತ್ತದೆ. ಹತ್ತು ನಿಮಿಷ ಮಾಡಿ. ತಾಡಾಸನ (ನೆಟ್ಟಗೆ ನಿಲ್ಲುವುದು), ಒಂದು ಬಗ್ಗುವುದು, ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು), ಎರಡೂ ಕಡೆ ಒಂದು ತಿರುಚುವುದು, ಮಲಗುವುದು. ಊಟ ಆಗಿ ಮೂರು ನಾಲ್ಕು ಗಂಟೆ ಕಳೆದಿರಲಿ, ಬೆಳಗ್ಗೆಯೋ ಸಂಜೆಯೋ ನಿಮ್ಮ ಇಷ್ಟ. ಬೆಳಗ್ಗೆ ಮೈ ಬಿಗಿಯಾಗಿರುತ್ತದೆ, ಸಂಜೆ ಸಡಿಲ, ಅದನ್ನು ಕಂಡುಕೊಳ್ಳಲಿಕ್ಕಾದರೂ ಒಂದು ವಾರ ಅದಲು ಬದಲು ಮಾಡಿ. ಬಿಟ್ಟ ಹತ್ತು ದಿನದ ಲೆಕ್ಕ ಚುಕ್ತಾ ಮಾಡಲು ಹನ್ನೊಂದನೇ ದಿನ ಇಪ್ಪತ್ತು ಸೂರ್ಯನಮಸ್ಕಾರ ಹೊಡೆಯಬೇಡಿ. ಆಗುವುದು ಮೈ ನೋವು, ಮತ್ತೆ ಹತ್ತು ದಿನ ರಜೆ.

ಪ್ರಶ್ನೆ: ಆಸನ ಮಾಡುವಾಗ ಕಣ್ಣು ಮುಚ್ಚಬೇಕಾ, ತೆರೆದಿರಬೇಕಾ?

ನಿಂತಾಗ ತೆರೆದಿರಲಿ, ಮಲಗಿದಾಗ ಮುಚ್ಚಿ. ಕೂತಾಗ ನಿಮಗೆ ಬಿಟ್ಟದ್ದು. ಗಡಿಯಾರ ಮಾತ್ರ ಎದುರಿಗೆ ಬೇಡ.